ಪಂಡಿತಾ ರಮಾಬಾಯಿ: ಗಂಗಾಮೂಲದಿಂದ ಕೇಡಗಾಂವ್‌ವರೆಗೆ ಆರು ಫಲಕ, ತಪ್ಪಿದ್ದರೆ ತಿದ್ದಿ

#1 ಓದುಮನೆ

ಊರ ಗ್ರಂಥಾಲಯದ ಗೋಡೆಗೆ, ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದ ಪಂಡಿತಾ ರಮಾಬಾಯಿ ಅವರ ಬಗ್ಗೆ ಆರು ಫಲಕ ಸಿದ್ಧವಾಗಬೇಕಿದೆ. ಒಂದೊಂದೂ ಎರಡಡಿ ಅಗಲ, ಮೂರಡಿ ಎತ್ತರ. 120ರಿಂದ 150 ಪದ, ಜೊತೆಗೆ ಒಂದು ಚಿತ್ರ ಇಲ್ಲವೇ ನಕ್ಷೆ. ಓದುವವರು ಹೈಸ್ಕೂಲು ಮಕ್ಕಳು ಮತ್ತು ಅವರ ಮನೆಯವರು. ಕರಡಿನ ಸಾರ ಇದು:

ಫಲಕ 1: 1858ರ ಏಪ್ರಿಲ್ 23ರಂದು ಕಾರ್ಕಳದ ಮಾಳದಲ್ಲಿ ಜನನ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ತಾಯಿ ಲಕ್ಷ್ಮೀಬಾಯಿ. ಕಾಡಿನ ಆಶ್ರಮದಲ್ಲಿ ಹಕ್ಕಿಗಳ ಕಲರವದ ನಡುವೆ ತಾಯಿಯಿಂದ ಸಂಸ್ಕೃತ ಪಾಠ.
ಫಲಕ 2: ಬರಗಾಲ. ತಂದೆ, ತಾಯಿ, ಅಕ್ಕನ ಸಾವು. ಅಣ್ಣ ಶ್ರೀನಿವಾಸನ ಜೊತೆ ದೇಶ ಸುತ್ತಾಟ.
ಫಲಕ 3: ಕಲ್ಕತ್ತೆಯಲ್ಲಿ ಪಂಡಿತಾ ಪದವಿ. ಮದುವೆ, ವೈಧವ್ಯ, ಪುಣೆ.
ಫಲಕ 4: ಇಂಗ್ಲೆಂಡ್, ಅಮೆರಿಕ.
ಫಲಕ 5: ಪುಣೆಯಲ್ಲಿ ವಿಧವೆಯರ ವಸತಿ ಶಾಲೆ ಶಾರದಾ ಸದನದ ಸ್ಥಾಪನೆ. ಎರಡು ಕೋಟಿ ಬ್ರಾಹ್ಮಣ ವಿಧವೆಯರ ಕಣ್ಣೀರು ಒರೆಸಿದ ಮಹಾತಾಯಿ.
ಫಲಕ 6: ಕೇಡಗಾಂವ್, ಮುಕ್ತಿ (ಅಲ್ಲಿನ ಹೆಣ್ಣುಮಕ್ಕಳ ಆಸರೆಮನೆ), ನಿಧನ.

ಎಲ್ಲಿ ತಪ್ಪಿದೆ, ಏನು ಬಿಟ್ಟುಹೋಗಿದೆ, ನಿಷ್ಠುರವಾಗಿ ಹೇಳಿ. ಒಮ್ಮೆ ಗೋಡೆ ಏರಿದ್ದನ್ನು ಮಕ್ಕಳು ವರ್ಷಗಟ್ಟಲೆ ಹಾಗೇ ನಕಲು ಮಾಡಿಕೊಳ್ಳುತ್ತಾರೆ.

#2 ಘಟ್ಟದ ಬುಡ

ಮೊದಲ ಫಲಕದ ಮೊದಲ ಸಾಲಿನಲ್ಲೇ ಎಡವಟ್ಟಾಗಿದೆ. ಮಾಳ ಅನಂತಶಾಸ್ತ್ರಿಗಳ ಮನೆತನದ ಊರು. ರಮಾಬಾಯಿ ಹುಟ್ಟಿದ್ದು ಘಟ್ಟದ ಮೇಲೆ, ಗಂಗಾಮೂಲದ ಕಾಡಿನಲ್ಲಿ. ಇದನ್ನು ಅವರೇ ಬರೆದಿದ್ದಾರೆ. ಎರಡೂ ಹತ್ತಿರದ ಜಾಗಗಳಾದ್ದರಿಂದ ಒಂದೇ ಎನ್ನುವಂತೆ ಬರೆದುಬಿಡುತ್ತಾರೆ. ಮಾಳ ಇರುವುದು ಘಟ್ಟದ ಬುಡದಲ್ಲಿ, ಇಂದಿನ ಉಡುಪಿ ಜಿಲ್ಲೆ. ಗಂಗಾಮೂಲ ಇರುವುದು ಮೇಲೆ, ಇಂದಿನ ಚಿಕ್ಕಮಗಳೂರು ಜಿಲ್ಲೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ವರಾಹ ಪರ್ವತದ ಜಾಗ ಅದು.

ನಕ್ಷೆ ಹಾಕುವುದಾದರೆ ಕಾರ್ಕಳ, ಬಜಗೋಳಿ, ಮಾಳ, ಎಸ್.ಕೆ. ಬಾರ್ಡರ್, ಗಂಗಾಮೂಲ, ಕುದುರೆಮುಖ ಎಂದು ದಾರಿ ಗುರುತಿಸಿ. ಎಸ್.ಕೆ. ಬಾರ್ಡರ್ ಎಂದರೆ ಸೌತ್ ಕೆನರಾದ ಗಡಿ. 1858ರಲ್ಲಿ ಕೆನರಾ ಇನ್ನೂ ಉತ್ತರ, ದಕ್ಷಿಣ ಎಂದು ಒಡೆದಿರಲಿಲ್ಲ, ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆಚೆ ಬದಿ ಮೈಸೂರು ಸಂಸ್ಥಾನ. ಆದ್ದರಿಂದ "ಕರ್ನಾಟಕದಲ್ಲಿ ಜನನ" ಎಂದಷ್ಟೇ ಬರೆಯಬೇಡಿ. "ಅಂದಿನ ಕೆನರಾ ಜಿಲ್ಲೆ ಮತ್ತು ಮೈಸೂರು ಸಂಸ್ಥಾನದ ಗಡಿಯ ಗಂಗಾಮೂಲ, ಇಂದಿನ ಚಿಕ್ಕಮಗಳೂರು ಜಿಲ್ಲೆ" ಎಂದು ಬರೆಯಿರಿ.

#3 ಅಕ್ಷರಪಾತ್ರೆ

"ಕಾಡಿನ ಆಶ್ರಮ, ಹಕ್ಕಿಗಳ ಕಲರವ" ಎಂಬ ಸಾಲನ್ನು ತೆಗೆಯಲೇಬೇಕು. ಅವರ ಇಂಗ್ಲಿಷ್ ಪುಸ್ತಕ "ದಿ ಹೈಕಾಸ್ಟ್ ಹಿಂದೂ ವುಮನ್"ಗೆ ಅಮೆರಿಕದಲ್ಲಿ ಬೇರೊಬ್ಬರು ಬರೆದ ಮುನ್ನುಡಿಯಿಂದ ಈ ಚಿತ್ರ ಎಲ್ಲ ಕಡೆ ಹರಡಿದೆ. ಕೇಳಲು ಸೊಗಸು, ಆದರೆ ವಯಸ್ಸಿನ ಲೆಕ್ಕ ಕೂಡುವುದಿಲ್ಲ. ರಮಾಬಾಯಿಗೆ ಆರು ತಿಂಗಳಾದಾಗಲೇ ಕುಟುಂಬ ಗಂಗಾಮೂಲ ಬಿಟ್ಟಿತು. ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿ ಘಟ್ಟ ಇಳಿಸಿದರೆಂದು ತಾಯಿ ಹೇಳುತ್ತಿದ್ದರು. "ನನ್ನ ಯಾತ್ರೆಯ ಬದುಕು ಅಲ್ಲಿಂದಲೇ ಶುರು" ಎಂಬರ್ಥದಲ್ಲಿ ರಮಾಬಾಯಿ ಅದನ್ನು ನೆನೆಯುತ್ತಾರೆ. ತಾಯಿ ಪಾಠ ಶುರು ಮಾಡಿದ್ದು ಮಗಳಿಗೆ ಸುಮಾರು ಎಂಟು ವರ್ಷವಾದಾಗ, ಹದಿನೈದರವರೆಗೂ ನಡೆಯಿತು. ಅಂದರೆ ಪಾಠವಾದದ್ದು ಆಶ್ರಮದಲ್ಲಲ್ಲ, ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ನಡೆಯುವ ದಾರಿಯಲ್ಲಿ.

ಆ ಪಾಠದ ಕ್ರಮ ಹೀಗಿತ್ತು. ಹಗಲಿಡೀ ತಾಯಿಗೆ ಮನೆಗೆಲಸ. ಹಾಗಾಗಿ ಬೆಳಕು ಹರಿಯುವ ಮುಂಚೆ ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ ಕೂರಿಸುತ್ತಿದ್ದರು. ಕೈಯಲ್ಲಿ ಪುಸ್ತಕವಿಲ್ಲ. ತಾಯಿ ಹೇಳಿದ್ದನ್ನು ಮಗಳು ತಿರುಗಿ ಹೇಳಿ ಬಾಯಿಪಾಠ ಮಾಡುವುದು. ವ್ಯಾಕರಣ, ಕೋಶ, ಪುರಾಣ, 18,000 ಶ್ಲೋಕಗಳ ಭಾಗವತ. ವೇದ ಮಾತ್ರ ಇಲ್ಲ. ಹೆಣ್ಣಿಗೆ ಸಂಸ್ಕೃತ ಕಲಿಸಿದ ತಂದೆಯೂ ವೇದದ ಹೊಸ್ತಿಲು ದಾಟಲಿಲ್ಲ. ಮುಂದೆ ಕಲ್ಕತ್ತೆಯಲ್ಲಿ ವೇದದ ಒಂದು ಪ್ರತಿಯನ್ನು ಅವರ ಕೈಗಿಟ್ಟವರು ಬ್ರಾಹ್ಮಸಮಾಜದ ಮುಖಂಡ ಕೇಶವಚಂದ್ರ ಸೇನ್.

#4 ಘಟ್ಟದ ಬುಡ

ಅಕ್ಷರಪಾತ್ರೆಯವರ ಮಾತಿಗೆ ಒಂದು ಸೇರಿಕೆ. ತಾಯಿಗೆ ಕಲಿಸಿದ್ದು ಯಾರು ಎಂಬುದು ಫಲಕದಲ್ಲಿ ಬರದಿದ್ದರೆ ಕಥೆಗೆ ಬುಡವೇ ಇರುವುದಿಲ್ಲ. ಪೇಶ್ವೆ ಎರಡನೇ ಬಾಜೀರಾಯನ ಹೆಂಡತಿಗೆ ರಾಮಚಂದ್ರಶಾಸ್ತ್ರಿ ಸಾಠೆ ಸಂಸ್ಕೃತ ಕಲಿಸುತ್ತಿದ್ದರು. ಅವರ ಶಿಷ್ಯ ಅನಂತಶಾಸ್ತ್ರಿ ಅದನ್ನು ಕಂಡು, ನಮ್ಮ ಮನೆಯಲ್ಲೂ ಯಾಕಾಗಬಾರದು ಎಂದುಕೊಂಡರು. ಮೊದಲ ಹೆಂಡತಿಗೆ ಕಲಿಸಲು ಹೋದಾಗ ಮನೆಯವರೇ ಅಡ್ಡ ಬಂದು ಅದು ನಿಂತಿತು. ಎರಡನೇ ಮದುವೆ ಗೋದಾವರಿ ತೀರದ ಪೈಠಣದಲ್ಲಿ. ವರನಿಗೆ ನಲವತ್ತು ದಾಟಿತ್ತು, ಹುಡುಗಿಗೆ ಒಂಬತ್ತು. ಸ್ನಾನಕ್ಕೆ ಬಂದ ಹುಡುಗಿಯ ತಂದೆ ಮಾತು ತೆಗೆದರು, ಮರುದಿನ ಬೆಳಿಗ್ಗೆ ಧಾರೆಯಾಯಿತು. ಮಗುವನ್ನು ಸುಮಾರು 900 ಮೈಲಿ ದೂರ ಕರೆತಂದರು. ರಮಾಬಾಯಿ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಬಾಲ್ಯವಿವಾಹಕ್ಕೆ ಉದಾಹರಣೆಯಾಗಿ ಇದೇ ಮದುವೆಯನ್ನು ಹೆಸರು ಹೇಳದೆ ಕೊಟ್ಟಿದ್ದಾರೆ. ತಂದೆಯನ್ನು ಅಷ್ಟು ಪ್ರೀತಿಸಿಯೂ ಅದನ್ನು ಮುಚ್ಚಿಡಲಿಲ್ಲ. ಆ ಪುಸ್ತಕದ ಅರ್ಪಣೆ ಇರುವುದು ಆ ಒಂಬತ್ತರ ಹುಡುಗಿಗೆ, ತಾಯಿ ಲಕ್ಷ್ಮೀಬಾಯಿ ಡೋಂಗ್ರೆಗೆ.

ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಅನಂತಶಾಸ್ತ್ರಿಗಳು ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರ ಕೊಡಬೇಕಾಯಿತು. ಕರಾವಳಿಯ ಓದುಗರಿಗೆ ಇದು ಗೊತ್ತಾಗಬೇಕು.

#5 ಸಾಲುದೀಪ

ಆ ಉಡುಪಿಯ ಸಭೆಗೂ ಮೂರನೇ ಫಲಕಕ್ಕೂ ನೇರ ಸಂಬಂಧವಿದೆ. 1882ರಲ್ಲಿ ಹಂಟರ್ ಶಿಕ್ಷಣ ಆಯೋಗ ಪುಣೆಗೆ ಬಂದಾಗ ರಮಾಬಾಯಿಗೆ 24 ವರ್ಷ. ಸಾಕ್ಷ್ಯ ನುಡಿದದ್ದು ಮರಾಠಿಯಲ್ಲಿ. ಈ ವಿಷಯದಲ್ಲಿ ಮಾತಾಡಲು ನಿಮಗೇನು ಅನುಭವ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರದ ಅರ್ಥ ಇದು: ಹೆಣ್ಣುಮಕ್ಕಳ ವಿದ್ಯೆಯ ಪರ ನಿಂತು ಬಹಳ ಕಷ್ಟಪಟ್ಟವರ ಮಗಳು ನಾನು, ಕೊನೆಯುಸಿರಿನವರೆಗೆ ಈ ಕೆಲಸ ನಡೆಸುವುದು ನನ್ನ ಕರ್ತವ್ಯ.

ಆಮೇಲಿನ ಸಲಹೆಗಳನ್ನು "ಸ್ತ್ರೀಶಿಕ್ಷಣವನ್ನು ಬೆಂಬಲಿಸಿದರು" ಎಂದು ಒಂದೇ ಸಾಲಲ್ಲಿ ಮುಗಿಸಬೇಡಿ. ಅವು ಕೆಲಸ ಬಲ್ಲವರ ಮಾತುಗಳು. ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯರೇ ಬೇಕು. ಅವರಿಗೆ ಮೊದಲು ತಮ್ಮ ಭಾಷೆ ಚೆನ್ನಾಗಿ ಬರಬೇಕು, ಇಂಗ್ಲಿಷ್ ಆಮೇಲೆ. ಸಂಬಳ ಗಂಡಸರಿಗಿಂತ ಹೆಚ್ಚಿರಬೇಕು, ಗುಣದಲ್ಲೂ ಸ್ಥಾನದಲ್ಲೂ ಅವರು ಮೇಲ್ಮಟ್ಟದವರಾಗಿರಬೇಕು. ತರಬೇತಿಗೆ ಬಂದವರಿಗೆ ಕಾಲೇಜಿನ ಆವರಣದಲ್ಲೇ ವಸತಿ. ಶಾಲೆ ನೋಡಲು ಬರುವ ಇನ್‌ಸ್ಪೆಕ್ಟರ್‌ಗಳೂ ಹೆಂಗಸರೇ, ಮೂವತ್ತು ದಾಟಿದವರು. ಗಂಡು ಇನ್‌ಸ್ಪೆಕ್ಟರ್‌ಗಳ ಬಗ್ಗೆ ಅವರ ತಕರಾರು ಏನೆಂದರೆ, ಓದಿದ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೆಣ್ಣಿನ ವಿದ್ಯೆಗೆ ವಿರೋಧಿಗಳು, ಸಣ್ಣ ತಪ್ಪು ಕಂಡರೂ ಸಾಸಿವೆ ಕಾಳನ್ನು ಬೆಟ್ಟ ಮಾಡುತ್ತಾರೆ. ಕೊನೆಯದು ಹೆಣ್ಣು ಡಾಕ್ಟರುಗಳ ಬೇಡಿಕೆ. ಗಂಡು ಡಾಕ್ಟರಿಗೆ ರೋಗ ಹೇಳಿಕೊಳ್ಳಲಾರದೆ ಹೆಂಗಸರು ಸಾಯುತ್ತಿದ್ದಾರೆ ಎಂದು ನೇರವಾಗಿ ಹೇಳಿದರು. ಸಂಬಳ, ವಸತಿ, ತಪಾಸಣೆ, ಆಸ್ಪತ್ರೆ, ಈ ನಾಲ್ಕು ಪದ ದೊಡ್ಡ ಅಕ್ಷರದಲ್ಲಿ ಬರಲಿ.

"ಪದವಿ" ಅಲ್ಲ, "ಬಿರುದು". ಅವರು ಯಾವ ವಿಶ್ವವಿದ್ಯಾಲಯಕ್ಕೂ ಸೇರಿ ಓದಿದವರಲ್ಲ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಬಾಯಿಮಾತಿನಲ್ಲಿ ಪರೀಕ್ಷಿಸಿ "ಪಂಡಿತಾ", "ಸರಸ್ವತೀ" ಎಂದು ಗೌರವಿಸಿದರು. ಕಲ್ಕತ್ತಾ ವಿಶ್ವವಿದ್ಯಾಲಯದ ಬಿ.ಎ. ಮೊದಲು ಹೆಂಗಸರ ಕೈ ಸೇರಿದ್ದು 1883ರ ಘಟಿಕೋತ್ಸವದಲ್ಲಿ, ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು ಅವರಿಗೆ.

#6 ಓದುಮನೆ

ಮದುವೆಯ ಸಾಲನ್ನು ಹೇಗೆ ಬರೆಯಬೇಕು? "ಅಂತರ್ಜಾತಿ ವಿವಾಹ" ಎಂದರೆ ಸಾಕೇ?

#7 ಸಾಲುದೀಪ

ಸಾಲದು. ಅಣ್ಣ ಶ್ರೀನಿವಾಸ 1880ರ ಮೇ ತಿಂಗಳಲ್ಲಿ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ಅಣ್ಣನ ಸ್ನೇಹಿತ, ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರೊಂದಿಗೆ ಬಾಂಕಿಪುರದಲ್ಲಿ ನೋಂದಣಿ ಮದುವೆ. ಜಾತಿ ಬೇರೆ, ಭಾಷೆ ಬೇರೆ, ಪ್ರಾಂತ ಬೇರೆ. 1872ರ ಸಿವಿಲ್ ಮದುವೆ ಕಾಯ್ದೆಯಡಿ ಆದ್ದರಿಂದ ಪುರೋಹಿತರಿಲ್ಲ, ಪಾದ್ರಿಯೂ ಇಲ್ಲ. 1881ರ ಏಪ್ರಿಲ್ 16ಕ್ಕೆ ಮಗಳು ಮನೋರಮಾ. 1882ರ ಫೆಬ್ರವರಿ 4ಕ್ಕೆ ಕಾಲರಾದಿಂದ ಗಂಡನ ಸಾವು. ಕೆಲವೇ ತಿಂಗಳಲ್ಲಿ ಪುಣೆ, ಅವರೇ ಕಟ್ಟಿದ ಆರ್ಯ ಮಹಿಳಾ ಸಮಾಜ, ಹಂಟರ್ ಆಯೋಗ, ಮರಾಠಿಯಲ್ಲಿ ಬರೆದ ಪುಸ್ತಕ "ಸ್ತ್ರೀಧರ್ಮನೀತಿ". ಎಲ್ಲವೂ ಅದೇ 1882ರಲ್ಲಿ, ತೊಡೆಯ ಮೇಲೆ ಒಂದು ವರ್ಷದ ಮಗು ಇಟ್ಟುಕೊಂಡು. "ಸ್ತ್ರೀಧರ್ಮನೀತಿ" ಮಾರಾಟವಾದ ದುಡ್ಡಿನಿಂದಲೇ 1883ರಲ್ಲಿ ಇಂಗ್ಲೆಂಡಿನ ಹಡಗಿನ ದಾರಿಖರ್ಚು ಹುಟ್ಟಿತು. ಯಾವುದೋ ಮಿಷನ್ ಕರೆದುಕೊಂಡು ಹೋಯಿತು ಎಂದು ಬರೆಯುವವರು ಇದನ್ನು ಗಮನಿಸಬೇಕು.

#8 ಹತ್ತಿಬೀಜ

ನಾಲ್ಕನೇ ಫಲಕ ಚಿಕ್ಕದಾಗಿರಲಿ, ಆದರೆ ಮೂರು ವಿಷಯ ತಪ್ಪಬಾರದು.

ಇಂಗ್ಲೆಂಡಿಗೆ ಹೋದ ಗುರಿ ವೈದ್ಯಕೀಯ. ಕಿವಿ ಮಂದವಾಗುತ್ತ ಬಂದದ್ದರಿಂದ ಅದು ಕೈಗೂಡಲಿಲ್ಲ. ದಾರಿ ಶಿಕ್ಷಣದ ಕಡೆ ತಿರುಗಿದ್ದು ಹೀಗೆ. ಚೆಲ್ಟನ್‌ಹ್ಯಾಂ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲ್ ಅವರ ಬಳಿ ಓದುತ್ತ ಸಂಸ್ಕೃತ ಕಲಿಸಿದರು.

1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಕ್ರೈಸ್ತ ದೀಕ್ಷಾಸ್ನಾನ. ಇದನ್ನು ಅಡಗಿಸಬೇಡಿ, ಕೈಕಾಲು ಮುರಿದು ಸಣ್ಣದೂ ಮಾಡಬೇಡಿ. ಆದರೆ ಮತಾಂತರವಾದ ಮೇಲೆ ಅಲ್ಲಿನ ಚರ್ಚಿಗೆ ತಲೆ ಬಾಗಿಸಿ ಕೂತರು ಎಂಬ ಭಾವ ಬಂದರೆ ಅದು ಸುಳ್ಳು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಮಾಂಸ, ಮೊಟ್ಟೆ ಮುಟ್ಟಲಿಲ್ಲ. ಗಂಡು ಹುಡುಗರಿಗೆ ಪಾಠ ಹೇಳುವ ಮಾತು ಬಂದಾಗ ಬಿಷಪ್‌ಗಳು ಬೇಡವೆಂದರು. ಭಾರತದಲ್ಲಿ ಗಂಡಸರ ಸಭೆಗಳಲ್ಲೇ ಮಾತಾಡಿ ಬಂದವಳು ನಾನು ಎಂದು ಇವರು ಪತ್ರದಲ್ಲೇ ವಾದಕ್ಕೆ ನಿಂತರು. ಇತ್ತ ಪುಣೆಯಲ್ಲಿ ಮತಾಂತರದ ಸುದ್ದಿಗೆ ಗದ್ದಲವೆದ್ದಾಗ ಅವರ ಪರ ಬರೆದವರು ಜ್ಯೋತಿರಾವ್ ಫುಲೆ, 1885ರ "ಸತ್ಸಾರ"ದಲ್ಲಿ.

ಮೂರನೆಯದು ಅಮೆರಿಕ. 1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿ ಡಾಕ್ಟರಾದ ಸಮಾರಂಭ ನೋಡಲು ಹೋದವರು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಉಳಿದರು. ಫ್ರೋಬೆಲ್‌ನ ಶಿಶುವಿಹಾರ ಪದ್ಧತಿ ಕಲಿತರು, ಊರೂರು ತಿರುಗಿ ಭಾಷಣ ಮಾಡಿದರು, 1887ರಲ್ಲಿ "ದಿ ಹೈಕಾಸ್ಟ್ ಹಿಂದೂ ವುಮನ್" ಪ್ರಕಟಿಸಿದರು. ಅದೇ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ರಮಾಬಾಯಿ ಸಂಘ ಹುಟ್ಟಿತು. ಊರೂರಿನ "ರಮಾಬಾಯಿ ಬಳಗ"ಗಳ ಸದಸ್ಯರು ತಲಾ ವರ್ಷಕ್ಕೆ ಒಂದು ಡಾಲರ್, ಹತ್ತು ವರ್ಷದ ಮಾತು ಕೊಟ್ಟರು. ಈ "ಹತ್ತು ವರ್ಷ" ನೆನಪಿಡಿ, ಆರನೇ ಫಲಕದ ಕೀಲಿಕೈ ಅದರಲ್ಲಿದೆ.

#9 ಅಂಕಿಅಂಶ

ಐದನೇ ಫಲಕದ "ಎರಡು ಕೋಟಿ ಬ್ರಾಹ್ಮಣ ವಿಧವೆಯರು" ದೊಡ್ಡ ತಪ್ಪು. ಅವರ ಪುಸ್ತಕದಲ್ಲಿ ಕೊಟ್ಟಿರುವುದು 1881ರ ಜನಗಣತಿಯ ಲೆಕ್ಕ, ಎಲ್ಲ ಜಾತಿಯ ವಿಧವೆಯರು ಸೇರಿ 2,09,30,626. ಪುಸ್ತಕದ ಹೆಸರಿನಲ್ಲಿ "ಹೈಕಾಸ್ಟ್" ಇರುವುದರಿಂದ ಅಂಕಿಯನ್ನೂ ಮೇಲ್ಜಾತಿಗೆ ಅಂಟಿಸಿಬಿಡುತ್ತಾರೆ. ಫಲಕಕ್ಕೆ ಇದಕ್ಕಿಂತ ಬಲವಾದ ಅಂಕಿ ಅಲ್ಲೇ ಇದೆ, 19 ವರ್ಷದೊಳಗಿನ ವಿಧವೆಯರದು:

9 ವರ್ಷದೊಳಗೆ 78,976
10ರಿಂದ 14 ವರ್ಷ 2,07,388
15ರಿಂದ 19 ವರ್ಷ 3,82,736
ಒಟ್ಟು 6,69,100

ಕೂಡಿ ನೋಡಿ, ಸರಿಹೋಗುತ್ತದೆ. ಅದೇ ಪುಸ್ತಕದ ಇನ್ನೊಂದು ಲೆಕ್ಕ: ಬ್ರಿಟಿಷರ ನೇರ ಆಡಳಿತದಲ್ಲಿದ್ದ 9 ಕೋಟಿ 97 ಲಕ್ಷ ಹೆಂಗಸರಲ್ಲಿ 9 ಕೋಟಿ 95 ಲಕ್ಷ ಮಂದಿಗೆ ಓದು ಬರಹ ಬಾರದು. ಉಳಿದ 2 ಲಕ್ಷದಲ್ಲಿ ಇನ್ನೂ ಕಲಿಯುತ್ತಿದ್ದ ಹುಡುಗಿಯರೂ ಸೇರಿದ್ದಾರೆ. ಮಕ್ಕಳಿಗೆ ತೋರಿಸಲು 1,000 ಚುಕ್ಕಿ ಹಾಕಿ, ಎರಡಕ್ಕೆ ಮಾತ್ರ ಬಣ್ಣ ತುಂಬಿ. ಅನುಪಾತ ಅಷ್ಟೇ.

"ಕಣ್ಣೀರು ಒರೆಸಿದ ಮಹಾತಾಯಿ" ಬೇಡವೇ ಬೇಡ. ಅದೇ ಪುಸ್ತಕದ ಕೊನೆಯಲ್ಲಿ ಅವರು ಕೇಳಿದ್ದು ಮೂರು: ಸ್ವಾವಲಂಬನೆ, ಶಿಕ್ಷಣ, ದೇಶದವರೇ ಆದ ಶಿಕ್ಷಕಿಯರು. ಕನಿಕರ ಅವರ ಪಟ್ಟಿಯಲ್ಲಿಲ್ಲ.

#10 ಸಾಲುದೀಪ

ಶಾರದಾ ಸದನದ ಜಾಗಗಳ ಕ್ರಮವೂ ತಪ್ಪಾಗಿದೆ. ಶುರುವಾದದ್ದು ಬೊಂಬಾಯಿಯ ಚೌಪಾಟಿಯಲ್ಲಿ, 1889ರ ಮಾರ್ಚ್ 11ರಂದು. ಪುಣೆಗೆ ಹೋದದ್ದು 1890ರ ನವೆಂಬರ್‌ನಲ್ಲಿ, ಕೇಡಗಾಂವ್ ಆಮೇಲೆ. ಬೊಂಬಾಯಿಯ ಖರ್ಚು ದುಬಾರಿ, ಹುಡುಗಿಯರು ಬರುವುದೂ ಹೆಚ್ಚಾಗಿ ಪುಣೆ ಕಡೆಯಿಂದಲೇ.

ಸದನದ ನಿಯಮ ವಿವರವಾಗಿ ಬರಲಿ, ಯಾಕೆಂದರೆ ಜಗಳ ಹುಟ್ಟಿದ್ದೇ ಅಲ್ಲಿ. ಧರ್ಮದ ಪಾಠ ಇಲ್ಲ. ಹುಡುಗಿಯರು ತಮ್ಮ ಆಚಾರದಂತೆ ಇರಬಹುದು, ಅಡುಗೆಯಲ್ಲೂ ಜಾತಿಯ ಕಟ್ಟು ಮುರಿಯುವಂತಿಲ್ಲ. ರಾನಡೆ, ಭಂಡಾರಕರ್‌ರಂಥ ಹಿರಿಯರು ಸಲಹಾ ಸಮಿತಿಯಲ್ಲಿ ಇದ್ದದ್ದು ಈ ಭರವಸೆಯ ಮೇಲೆ. ಆದರೆ ರಮಾಬಾಯಿ ತಮ್ಮ ಪ್ರಾರ್ಥನೆಗೆ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಬಂದು ಕೂರುವ ಹುಡುಗಿಯರನ್ನು ಕಳಿಸುತ್ತಲೂ ಇರಲಿಲ್ಲ. ಟಿಳಕರ ಪತ್ರಿಕೆ "ಕೇಸರಿ" ಇದನ್ನು ಹಿಡಿದು ಬರೆಯಿತು. 1893ರಲ್ಲಿ ಸಮಿತಿಯವರು ರಾಜೀನಾಮೆ ಕೊಟ್ಟರು, ಹಲವು ಮನೆಯವರು ಹೆಣ್ಣುಮಕ್ಕಳನ್ನು ಕರೆದೊಯ್ದರು. ಇಲ್ಲಿ ಇಬ್ಬರ ಮಾತನ್ನೂ ಬರೆಯಿರಿ. ಬಾಗಿಲು ತೆರೆದಿಟ್ಟರೆ ಸಾಕು, ಒತ್ತಾಯವಿಲ್ಲ ಎಂದು ರಮಾಬಾಯಿ ಅವರ ಮಾತು. ಅನ್ನ, ಆಸರೆ, ವಿದ್ಯೆ ಕೊಟ್ಟವರ ಕೋಣೆಯ ಬಾಗಿಲು ತೆರೆದಿದ್ದರೆ ಹನ್ನೆರಡು ವರ್ಷದ ಹುಡುಗಿಗೆ ಅದೇ ಕರೆ ಎಂದು ಎದುರಿನವರ ಮಾತು. ಎರಡಕ್ಕೂ ತೂಕವಿದೆ. ಒಂದನ್ನು ಅಳಿಸಿದರೆ 1893 ಅರ್ಥವಾಗುವುದಿಲ್ಲ.

ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. 1893ರ ಮಾರ್ಚ್ 11ರಂದು ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾದರು. ಆನಂದಿಬಾಯಿಯ ಪದವಿ, ಸದನದ ಪ್ರಾರಂಭ, ಈ ಮದುವೆ, ಮೂರೂ ಮಾರ್ಚ್ 11! ಏಪ್ರಿಲ್ 23ಕ್ಕೆ ಮಕ್ಕಳಿಗೆ ಬೇಸಿಗೆ ರಜೆ. ಪ್ರದರ್ಶನಕ್ಕೆ ಮಾರ್ಚ್ 11 ಒಳ್ಳೆಯ ದಿನ.

#11 ಹತ್ತಿಬೀಜ

ಆರನೇ ಫಲಕದಲ್ಲಿ "ಕೇಡಗಾಂವ್, ಮುಕ್ತಿ, ನಿಧನ" ಎಂದರೆ ಅನ್ಯಾಯ. ರಮಾಬಾಯಿ ಎಂದರೆ ಶ್ಲೋಕ ಮತ್ತು ಮತಾಂತರ ಎಂದುಕೊಂಡವರಿಗೆ ಅವರ ನಿಜವಾದ ಪ್ರತಿಭೆ ಕಾಣುವುದೇ ಇಲ್ಲಿ. ಬಾವಿ, ಎಣ್ಣೆಗಾಣ, ಮಗ್ಗ, ಅಚ್ಚುಕೂಟ, ಲೆಕ್ಕದ ಪುಸ್ತಕ.

ಹತ್ತು ವರ್ಷದ ಮಾತು 1898ಕ್ಕೆ ಮುಗಿಯುತ್ತದೆ. ಅದು ಗೊತ್ತಿದ್ದೇ ಅವರು ಮೊದಲೇ ಪುಣೆಯಿಂದ ಸುಮಾರು 34 ಮೈಲಿ ದೂರದ ಕೇಡಗಾಂವ್‌ನಲ್ಲಿ 100 ಎಕರೆ ಜಮೀನು ಹಿಡಿದು ಹಣ್ಣಿನ ತೋಟ ಹಾಕಿಸಿದರು. ತೋಟದ ಆದಾಯದಿಂದ ಸದನ ತನ್ನ ಕಾಲ ಮೇಲೆ ನಿಲ್ಲಬೇಕೆಂಬ ಲೆಕ್ಕ. 1896-97ರಲ್ಲಿ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಮಧ್ಯ ಪ್ರಾಂತದಲ್ಲಿ ಬರ, ಪುಣೆಯಲ್ಲಿ ಪ್ಲೇಗ್. ಬರದ ಶಿಬಿರಗಳಲ್ಲಿ ಹಸಿದ ಹುಡುಗಿಯರನ್ನು ಹಿಡಿದು ಮಾರುವ ದಲ್ಲಾಳಿಗಳು ತಿರುಗುತ್ತಿದ್ದರು. ರಮಾಬಾಯಿ ತಾವೇ ಹೋಗಿ 300 ಹುಡುಗಿಯರನ್ನು ಉಳಿಸುವೆ ಎಂದು ನಿಂತರು. ಪ್ಲೇಗ್ ನಿರ್ಬಂಧದಿಂದ ಅವರನ್ನು ಪುಣೆಯಲ್ಲಿ ಇಡುವ ಹಾಗಿರಲಿಲ್ಲ. ತೋಟದ ಜಮೀನಿನಲ್ಲೇ ಡೇರೆ, ಗುಡಿಸಲು ಎದ್ದವು. ಮುಕ್ತಿ ಹುಟ್ಟಿದ್ದು ಹೀಗೆ, ನಕ್ಷೆ ಬರೆದು ಕಟ್ಟಿದ ಆಶ್ರಮವಾಗಿ ಅಲ್ಲ.

ಆ ಪ್ಲೇಗಿನ ಸಮಯದಲ್ಲೇ, ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲವೆಂದು ಸರಕಾರದ ವಿರುದ್ಧ ಪತ್ರಿಕೆಗೆ ಬರೆದರು. ಗವರ್ನರ್ ಸ್ಯಾಂಡ್‌ಹರ್ಸ್ಟ್ ಅದನ್ನು ಅಲ್ಲಗಳೆದರು. ಬ್ರಿಟಿಷರ ಕೈಗೊಂಬೆ ಎನ್ನುವವರಿಗೆ ಈ ಪತ್ರ ಸಾಕು.

1900ರಲ್ಲಿ ಗುಜರಾತಿನ ಬರ. ಮುಕ್ತಿಯಲ್ಲಿ ಜನ 1,500 ದಾಟಿದರು. ಮಕ್ಕಳಿಗೆ ಹೀಗೆ ಲೆಕ್ಕ ಹಾಕಿಸಿ: ತಲಾ ಅರ್ಧ ಕೆ.ಜಿ. ಧಾನ್ಯವೆಂದರೆ ದಿನಕ್ಕೆ 7.5 ಕ್ವಿಂಟಲ್. ತಲಾ 20 ಲೀಟರ್ ನೀರೆಂದರೆ ದಿನಕ್ಕೆ 30,000 ಲೀಟರ್. ಕೇಡಗಾಂವ್ ಮಳೆನೆರಳಿನ ಒಣಭೂಮಿ, ಎಲ್ಲ ನೀರೂ ಬಾವಿಯಿಂದ ಮೇಲೆ ಬರಬೇಕು. ಬರದಿಂದ ಬಂದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಊಟ ಬಡಿಸುವ ಹಾಗೂ ಇಲ್ಲ. ಬಹಳ ದಿನ ಉಪವಾಸವಿದ್ದ ದೇಹ ಅದನ್ನು ತಡೆಯದೆ ಜೀವವೇ ಹೋಗಬಹುದು, ಗಂಜಿಯಿಂದ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು.

ಕೆಲಸಗಳು: ನೇಯ್ಗೆ, ಎಣ್ಣೆ, ಹೈನು, ಬಟ್ಟೆ ಒಗೆತ, ಬೇಕರಿ, ಹೊಲ, ಅಚ್ಚುಕೂಟ. ದಾರಿ ತಪ್ಪಿಸಲ್ಪಟ್ಟ ಹೆಂಗಸರಿಗೆ ಕೃಪಾ ಸದನ ಬೇರೆ. ಕುರುಡರಿಗೆ ಮನೋರಮಾ ಬ್ರೈಲ್ ಕಲಿಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಅದನ್ನು ಅಚ್ಚುಮೊಳೆ ಜೋಡಿಸಿ ಮುದ್ರಿಸಿದ್ದು ಆ ಅಚ್ಚುಕೂಟದ ಹುಡುಗಿಯರೇ.

#12 ಬಿಸಿಲೂರು

ಕಲಬುರಗಿ ಮಾತು ಯಾರೂ ಎತ್ತಲಿಲ್ಲಲ್ರೀ! 1912ರಾಗ ರಮಾಬಾಯಿ ಮತ್ತು ಮನೋರಮಾ ಅಂದಿನ ನಿಜಾಮನ ರಾಜ್ಯದ ಗುಲಬರ್ಗಾದಾಗ ಹೈಸ್ಕೂಲು ತೆರದ್ರು. ಗಂಗಾಮೂಲದಷ್ಟೇ ಇದೂ ನಮ್ಮ ಸಂಬಂಧ, ಅಲ್ಲಿ ಹುಟ್ಟಿದ್ರು, ಇಲ್ಲಿ ಸಾಲಿ ಕಟ್ಟಿದ್ರು. ನಕ್ಷೆದಾಗ ಒಂದು ಗೆರಿ ಎಳೀರಿ: ಪುಣೆ, ಕೇಡಗಾಂವ್, ದೌಂಡ್, ಸೊಲ್ಲಾಪುರ, ಗುಲಬರ್ಗಾ. ಎಲ್ಲಾ ಒಂದ ರೈಲು ಹಳಿ ಮ್ಯಾಲಿನ ಊರುಗಳು. ಮಕ್ಕಳಿಗೆ ತಟ್ಟನೆ ತಿಳೀತದ.

ಮನೋರಮಾ 1921ರ ಜುಲೈ 24ಕ್ಕೆ ತೀರಿಕೊಂಡ್ರು, 40 ವಯಸ್ಸು. ಸಂಸ್ಥೆ ಆಕೆಯ ಕೈಗೆ ಒಪ್ಪಿಸಬೇಕಂತಿದ್ದ ತಾಯಿ ಒಂಬತ್ತು ತಿಂಗಳೂ ಉಳಿಲಿಲ್ಲ. 1922ರ ಏಪ್ರಿಲ್ 5.

#13 ಅಂಕಿಅಂಶ

ಚಿತ್ರಗಳ ಬಗ್ಗೆ ಎಚ್ಚರ. ಹೆಸರು ಹುಡುಕಿದರೆ ಮೂವರು ರಮಾಬಾಯಿಯರು ಬರುತ್ತಾರೆ. ಪುಣೆ ಸೇವಾ ಸದನದ ರಮಾಬಾಯಿ ರಾನಡೆ, ಅಂಬೇಡ್ಕರರ ಪತ್ನಿ ರಮಾಬಾಯಿ, ಮತ್ತು ಇವರು. ರಾನಡೆ ಅವರ ಚಿತ್ರ ಇವರ ಹೆಸರಿನಡಿ ಬರುವುದು ಪದೇ ಪದೇ ಆಗುವ ತಪ್ಪು. ಇವರನ್ನು ಗುರುತಿಸಲು ಗಿಡ್ಡ ಕತ್ತರಿಸಿದ ಕೂದಲು, ಬಿಳಿ ಸೀರೆ ನೋಡಿ. ಅಂಚೆ ಇಲಾಖೆ 1989ರ ಅಕ್ಟೋಬರ್ 26ರಂದು ಹೊರತಂದ ಅಂಚೆಚೀಟಿಯ ಮುಖದೊಂದಿಗೆ ಹೋಲಿಸಿಕೊಳ್ಳಿ. ಚಿತ್ರವನ್ನು ಎರಡಡಿ ಅಗಲಕ್ಕೆ ಹಿಗ್ಗಿಸುವುದಾದರೆ ಅಡ್ಡಕ್ಕೆ ಕನಿಷ್ಠ 3,600 ಪಿಕ್ಸೆಲ್ ಇರಲಿ, ಕಡಿಮೆಯಿದ್ದರೆ ಮುಖ ಕಲಸಿಹೋಗುತ್ತದೆ. ಅಷ್ಟು ಸಿಗದಿದ್ದರೆ ಅಂಗೈಯಷ್ಟೇ ಹಾಕಿ, ಸುತ್ತ ಬಿಳಿ ಜಾಗ ಬಿಡಿ.

#14 ಓದುಮನೆ

ಎಲ್ಲ ತಿದ್ದುತ್ತಿದ್ದೇನೆ. ಎರಡನೇ ಫಲಕಕ್ಕೆ ಮಾತ್ರ ಚಿತ್ರವೂ ಸಿಗುತ್ತಿಲ್ಲ, ಬರೆಯುವ ದಾರಿಯೂ ಹೊಳೆಯುತ್ತಿಲ್ಲ. "ಬರಗಾಲದಲ್ಲಿ ತಂದೆತಾಯಿ ತೀರಿಕೊಂಡರು" ಎಂದರೆ ಮಕ್ಕಳು ಓದಿ ಮುಂದೆ ಹೋಗಿಬಿಡುತ್ತಾರೆ.

#15 ಅಕ್ಷರಪಾತ್ರೆ

ಚಿತ್ರ ಬೇಡ, ಆ ಫಲಕಕ್ಕೆ ಮಾತೇ ಸಾಕು. ಮೊದಲು ಕಾರಣ ಬರಲಿ. ಗುಡಿಯ ಅಂಗಳದಲ್ಲಿ ಪುರಾಣ ಓದುವುದು ಆ ಮನೆಯ ಜೀವನೋಪಾಯ. ಕೇಳಿದವರು ಹೂವು, ಹಣ್ಣು, ಬಟ್ಟೆ, ಕಾಸು ಇಟ್ಟು ಹೋಗುತ್ತಿದ್ದರು. ಬರ ಬಂದಾಗ ಇಡುವವರ ಕೈಯೇ ಬರಿದಾಯಿತು. ಇದ್ದದ್ದೆಲ್ಲ ದಾನ, ತೀರ್ಥ, ವ್ರತಕ್ಕೆ ಕರಗಿತು. ಕೂಲಿಗೆ ಹೋಗಲು ಕುಲದ ಅಭಿಮಾನ ಬಿಡಲಿಲ್ಲ, ಹೋದರೂ ಕೆಲಸ ಗೊತ್ತಿರಲಿಲ್ಲ. ಬೇಡಲು ನಾಚಿಕೆ. ತಲೆಯಲ್ಲಿ 18,000 ಶ್ಲೋಕ, ಒಂದು ಹೊತ್ತಿನ ಊಟ ಸಂಪಾದಿಸುವ ಕಸುಬಿಲ್ಲ. ಶಾರದಾ ಸದನದಲ್ಲೂ ಮುಕ್ತಿಯಲ್ಲೂ ಅಕ್ಷರದ ಪಕ್ಕದಲ್ಲೇ ಕೈಕೆಲಸ ಯಾಕಿತ್ತು ಎನ್ನುವುದಕ್ಕೆ ಉತ್ತರ ಇಲ್ಲಿದೆ, ಬೇರೆ ವ್ಯಾಖ್ಯಾನ ಬೇಕಿಲ್ಲ.

ಆಮೇಲೆ ಒಂದೇ ದಿನವನ್ನು ಹಿಡಿಯಿರಿ. ನನ್ನ ಸಲಹೆಯ ಪಠ್ಯ:

"1874. ತಂದೆ ತೀರಿಕೊಂಡು ಹೆಚ್ಚು ದಿನವಾಗಿಲ್ಲ. ತಾಯಿಗೆ ಜ್ವರ, ಹಸಿವು. ಹದಿನಾರರ ರಮಾ ಜೀವ ಗಟ್ಟಿಮಾಡಿಕೊಂಡು ನೆರೆಮನೆಗೆ ಹೋಗಿ ನಿಂತಳು, ಕೇಳಲು ಬಾಯಿ ಬರಲಿಲ್ಲ. ಆ ಮನೆಯಾಕೆ ತಾನೇ ತಿಳಿದು ಒಂದು ತುಂಡು ಸಜ್ಜೆ ರೊಟ್ಟಿ ಕೊಟ್ಟಳು. ತಾಯಿಗೆ ಅದನ್ನು ನುಂಗಲಾಗಲಿಲ್ಲ. ತಾಯಿ ಸತ್ತಾಗ ಚಟ್ಟ ಹೊರಲು ಬಂದವರು ಇಬ್ಬರೇ ಬ್ರಾಹ್ಮಣರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೇ ಮೂಲೆಗೆ ರಮಾ. ಸುಡುಗಾಡು ಸುಮಾರು 3 ಮೈಲಿ ದೂರ. ಅವಳು ಗಿಡ್ಡ. ಹೆಗಲಿಗೆ ಕೊಟ್ಟರೆ ಚಟ್ಟ ವಾಲುತ್ತದೆ. ಹಾಗಾಗಿ ತನ್ನ ಮೂಲೆಯನ್ನು ಅವಳು ತಲೆಯ ಮೇಲೆ ಹೊತ್ತು ನಡೆದಳು."

#16 ಓದುಮನೆ

ಹಾಗೆಯೇ ಇಡುತ್ತೇನೆ. ಫಲಕದ ಕೆಳಗಿನ ಅರ್ಧ ಖಾಲಿ ಬಿಡುತ್ತೇನೆ.